ಹತ್ತೊಂಬತ್ತನೇ ಕಲ್ಲು

ಮಾರ್ಕಯನ್‌ಕೋಟ್ಟೈಯ ಕಣ್ಣಮ್ಮಾಳ್ ನಲವತ್ತು ವರ್ಷ ಬೋಡಿನಾಯಕನೂರಿನ ಏಲಕ್ಕಿ ಮಂಡಿಯಲ್ಲಿ ಕೂತು ಕಾಯಿ ಆಯ್ದವಳು. ಒಡೆದದ್ದು, ಕಜ್ಜಿ ಹಿಡಿದದ್ದು, ಒಳಗೆ ಬೀಜವಿಲ್ಲದೆ ಸುಮ್ಮನೆ ಹೊಟ್ಟೆ ಉಬ್ಬಿಸಿಕೊಂಡದ್ದು, ಇವನ್ನೆಲ್ಲ ಕಣ್ಣು ಹಾಯುವ ಮೊದಲೇ ಅವಳ ಬೆರಳು ಹೆಕ್ಕಿ ಆಚೆ ಎಸೆಯುತ್ತಿತ್ತು. ಮಂಡಿ ಬಿಟ್ಟು ಆರು ವರ್ಷವಾದರೂ ಚಾಳಿ ಹೋಗಿಲ್ಲ. ಈಗ ಮನುಷ್ಯರನ್ನು ಆಯುತ್ತಾಳೆ. ಅವಳು ಕಂಡಂತೆ ಊರಿನ ದೊಡ್ಡ ಮನುಷ್ಯರಲ್ಲಿ ಮುಕ್ಕಾಲು ಪಾಲು ಬೀಜವಿಲ್ಲದವರೇ. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿಯೂ ಅಲ್ಲ ಅವಳು. ಸೊಂಟದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಮೂಗಿಗೇರಿಸಿ, ಎದುರಿಗಿದ್ದವನ ಮುಖಕ್ಕೇ ಹೇಳಿಬಿಡುತ್ತಾಳೆ. ನಶ್ಯ ಹಾಕಿ ಸೀನುವವರನ್ನು ಕಂಡರೂ ಅವಳಿಗೆ ಆಗದು. ಸೀನುವುದು ಕಲಿಯುವವರ ಲಕ್ಷಣವಂತೆ.

ಅವಳ ಮೊರದಿಂದ ಮೊದಲು ಆಚೆ ಬೀಳುವ ಕಾಯಿ ಎಂದರೆ ಪೊನ್ನುಸಾಮಿ. ಎಪ್ಪತ್ತೆಂಟು ವಯಸ್ಸು, ಬಾಳೆತೋಟ, ತಿರುವಿದ ಬಿಳಿ ಮೀಸೆ, ಹೆಗಲ ಮೇಲೆ ಇಸ್ತ್ರಿ ಮಾಡಿದ ಟವೆಲು. ಕುಲದ ಯಜಮಾನ. ಯಜಮಾನಿಕೆ ಬುದ್ಧಿಯಿಂದ ಬಂದದ್ದಲ್ಲ, ಶೌರ್ಯದಿಂದ ಬಂದದ್ದಲ್ಲ. ಒಂದು ಕಲ್ಲಿನಿಂದ ಬಂದದ್ದು. ಆ ಕಲ್ಲು ಕಡಲೆಬೇಳೆಗಿಂತ ಒಂಚೂರು ದೊಡ್ಡದು.

ಈ ಕುಲದವರದು ಮನೆಮಾತು ಕನ್ನಡ. ಯಾವುದೋ ಕಾಲದಲ್ಲಿ ಹೊಳೆ ದಾಟಿ, ಬೆಟ್ಟ ದಾಟಿ ತಮಿಳುನಾಡಿನ ಈ ಕಣಿವೆಗೆ ಬಂದು ನೆಲ ಉತ್ತವರು. ಇವರ ಕುಲದೇವತೆಗೆ ವಿಗ್ರಹವಿಲ್ಲ. ಅಮ್ಮ ಇರುವುದು ಒಂದು ಮರದ ಪೆಟ್ಟಿಗೆಯಲ್ಲಿ. ಶಿವರಾತ್ರಿಯ ಮಾರನೆಯ ಬೆಳಿಗ್ಗೆ, ವರ್ಷಕ್ಕೆ ಒಂದೇ ಸಲ, ಪೂಜಾರಿ ಕರುಪ್ಪಯ್ಯ ಆ ಪೆಟ್ಟಿಗೆ ತೆರೆಯುತ್ತಾನೆ. ಒಳಗೆ ಒಂದು ಬೆತ್ತ, ತುಕ್ಕು ಹಿಡಿದ ಕತ್ತಿ, ಹಳೇ ಬಳೆ, ಒಂದು ಕೆಂಪು ಸೀರೆ. ಇವುಗಳ ಮೇಲೆ, ಎಲ್ಲರ ಕಣ್ಣು ಕುಕ್ಕುವ ಹಾಗೆ, ಅಂಗೈಯಲ್ಲಿ ಹಿಡಿಸುವ ಒಂದು ಬಂಗಾರದ ಡಬ್ಬಿ.

ಡಬ್ಬಿ ಚೆಂದದ್ದೇ, ಅದಕ್ಕೆ ಎರಡು ಮಾತಿಲ್ಲ. ಸುತ್ತಲೂ ಬಂಗಾರದ ತೆಳು ಗೆರೆಗಳ ನಡುವೆ ಬಣ್ಣಬಣ್ಣದ ನಲವತ್ತೆಂಟು ಕಲ್ಲು ಕೂರಿಸಿದೆ: ಜೇನಿನ ಬಣ್ಣದ್ದು, ಹಾಲಿನ ಬಣ್ಣದ್ದು, ಕೆಮ್ಮಣ್ಣಿನದು, ಮೋಡದ ಹಾಗೆ ಪಟ್ಟೆ ಪಟ್ಟೆಯದು. ಸಂದಿಯಲ್ಲಿ ನೂಲೆಳೆಯೂ ತೂರದಷ್ಟು ಒತ್ತಾಗಿ ಒಂದರ ಪಕ್ಕ ಒಂದು. ಪ್ರತಿ ಕಲ್ಲಿನ ಅಂಚಿನಲ್ಲೂ ಸೂಜಿಯಲ್ಲಿ ಗೀರಿದಂತೆ ಒಂದು ಅಂಕಿ. ಮುಚ್ಚಳದ ನಡುವೆ ಕಲ್ಲಿನ ಚೂರುಗಳನ್ನೇ ಜೋಡಿಸಿ ಮಾಡಿದ ಒಂದು ಪ್ರಾಣಿ. ಕುಲದವರು ಅದನ್ನು ಸಿಂಹ ಎನ್ನುತ್ತಾರೆ, ಅಮ್ಮನ ವಾಹನ. ಆ ಸಿಂಹಕ್ಕೆ ಕಿವಿ ಎರಡೂ ಜೋತುಬಿದ್ದಿವೆ, ಕತ್ತಿನಲ್ಲಿ ನೀಲಿ ಪಟ್ಟಿಯಿದೆ, ನಾಲಿಗೆ ಹೊರಗಿದೆ. ಬೊಗಳುವುದೊಂದು ಬಾಕಿ. ಅದಕ್ಕೆ ಕರ್ಪೂರ ಬೆಳಗಿ ನಲವತ್ತೇಳು ಮನೆಯವರು ಕೆನ್ನೆ ಬಡಿದುಕೊಳ್ಳುತ್ತಾರೆ!

ಐನೂರು ವರ್ಷದ ಹಿಂದೆ ಒಬ್ಬ ಮಹಾರಾಜ ಈ ಕುಲದ ನಲವತ್ತೆಂಟು ಮನೆಗಳಿಗೆ ಕೊಟ್ಟ ಬಹುಮಾನವಂತೆ ಅದು. ಮನೆಗೊಂದು ಕಲ್ಲು, ಕಲ್ಲಿಗೊಂದು ಅಂಕಿ. ಒಂದನೇ ಕಲ್ಲಿನ ಮನೆಗೆ, ಅಂದರೆ ಪೊನ್ನುಸಾಮಿ ಮನೆಗೆ, ಮೊದಲ ವೀಳ್ಯ, ಎರಡನೇ ಕಲ್ಲಿಗೆ ಎರಡನೆಯದು, ಹೀಗೆ ಸಾಲಾಗಿ. ಮದುವೆಯಲ್ಲಿ ಯಾರು ಮುಂದೆ ಕೂರಬೇಕು, ಹೆಣ ಎತ್ತುವಾಗ ಯಾರು ಮೊದಲು ಹೆಗಲು ಕೊಡಬೇಕು, ಎಲ್ಲಕ್ಕೂ ಆ ಅಂಕಿಯೇ. ಅಣ್ಣತಮ್ಮಂದಿರು ಬೇರೆಯಾದರೆ ಕಲ್ಲು ಅಣ್ಣನಿಗೆ. ತಮ್ಮ ಜೀವಮಾನವಿಡೀ ಅಣ್ಣನ ಬೆನ್ನು ನೋಡುತ್ತ ನಿಲ್ಲಬೇಕು. ಐನೂರು ವರ್ಷದ ಹಿಂದಿನ ಮಹಾರಾಜನಿಗೆ ಇಂಗ್ಲಿಷ್ ಅಂಕಿ ಹೇಗೆ ಬಂತಪ್ಪಾ ಎಂದು ಒಬ್ಬನಾದರೂ ಕೇಳಬೇಕಲ್ಲ? ಬಿ.ಎ. ಓದಿದವರಿದ್ದಾರೆ, ಮೇಷ್ಟರಿದ್ದಾರೆ, ವಕೀಲನೊಬ್ಬನಿದ್ದಾನೆ. ವಕೀಲನದು ಎಂಟನೇ ಕಲ್ಲು. ಅವನೇಕೆ ಕೇಳುತ್ತಾನೆ?

ಹತ್ತೊಂಬತ್ತನೆಯ ಜಾಗದಲ್ಲಿ ಮಾತ್ರ ಕಲ್ಲಿಲ್ಲ. ಬರೀ ಗುಳಿ. ಹೊಳೆ ದಾಟುವಾಗ ನೀರಿಗೆ ಬಿತ್ತು ಎಂದು ಮಕ್ಕಳಿಗೆ ಹೇಳುತ್ತಾರೆ. ಆ ಗುಳಿ ಕಣ್ಣಮ್ಮಾಳ್ ಮನೆಗೆ. ಅವಳ ಮಗ ಬಾಲಮುರುಗನ್‌ಗೆ ವಿಭೂತಿ ಉಂಟು, ವೀಳ್ಯವಿಲ್ಲ. ಊರು ಅವರನ್ನು ಕರೆಯುವುದೇ ಗುಳಿ ಮನೆಯವರು ಎಂದು.

ಇನ್ನು ನಿಜ ಸಂಗತಿ. ಕಣ್ಣಮ್ಮಾಳ್‌ಗೆ ಅದನ್ನು ಹೇಳಿದವಳು ಅವಳ ಅತ್ತೆ ವಳ್ಳಿ. ವಳ್ಳಿ ಪ್ರಾಯದಲ್ಲಿ ಕೊಡೈಕಾನಲ್‌ನ ಒಂದು ಬಂಗಲೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಮುದಿ ಬಿಳಿ ದೊರೆಗೆ ನಶ್ಯದ ಚಟ. ದಿನಾ ಬೆಳಿಗ್ಗೆ ಆ ಬಂಗಾರದ ಡಬ್ಬಿ ಒರೆಸಿ, ನಶ್ಯ ತುಂಬಿ, ಅವನ ಕುರ್ಚಿ ಪಕ್ಕ ಇಡುವುದು ವಳ್ಳಿಯ ಕೆಲಸ. ದೊರೆ ಹೆಬ್ಬೆರಳಿನಲ್ಲಿ ಸದಾ ಒಂದೇ ಕಲ್ಲು ತಿಕ್ಕುತ್ತ ಕೂರುತ್ತಿದ್ದ. ಒಂದು ದಿನ ಅದು ಸಡಿಲವಾಗಿ ಉದುರಿತು. ಕಸ ಗುಡಿಸುವಾಗ ಸಿಕ್ಕ ಅದನ್ನು ವಳ್ಳಿ ಸೆರಗಿನ ಗಂಟಿನಲ್ಲಿ ಜೋಪಾನ ಮಾಡಿದಳು. ಆಮೇಲೆ ದೊರೆ ಹಾಸಿಗೆ ಹಿಡಿದ. ಹನ್ನೊಂದು ತಿಂಗಳು ಅವನ ಹೇಲುಚ್ಚೆ ಬಳಿದವಳು ವಳ್ಳಿ. ಅವನು ಸತ್ತ ಮೇಲೆ ದೊರೆಸಾನಿ ತನ್ನ ಸೀಮೆಗೆ ಹೊರಟಳು. ವಳ್ಳಿ ಗಂಟು ಬಿಚ್ಚಿ ಕಲ್ಲು ಒಪ್ಪಿಸಲು ಹೋದರೆ, ಆಕೆ ಡಬ್ಬಿಯನ್ನೂ ಅವಳ ಕೈಗಿಟ್ಟು, ಎರಡೂ ನಿನ್ನದೇ ಎಂದು ಸನ್ನೆ ಮಾಡಿ, ಅವಳ ಕೈ ಹಿಡಿದು ಅತ್ತಳಂತೆ.

ವಳ್ಳಿ ಅದನ್ನು ಹಿಡಿದು ಖುಷಿಯಲ್ಲಿ ಊರಿಗೆ ಬಂದಳು. ಬಂದದ್ದೇ ತಪ್ಪು. ಬಂಗಲೆಯಲ್ಲಿ ಪಾತ್ರೆ ತೊಳೆಯುವವಳಿಗೆ ಬಂಗಾರ ಯಾರು ಕೊಡುತ್ತಾರೆ? ಕುಲದ ಗಂಡಸರು ಸಭೆ ಸೇರಿದರು. ಸಭೆಯಲ್ಲಿ ಎಲ್ಲರಿಗಿಂತ ಜೋರು ಬಾಯಿ ಪೊನ್ನುಸಾಮಿಯ ಅಪ್ಪನದು. ಕದ್ದ ಮಾಲು, ಪೊಲೀಸರು ಬಂದರೆ ಕುಲಕ್ಕೇ ಕೆಟ್ಟ ಹೆಸರು, ಅಮ್ಮನ ಪೆಟ್ಟಿಗೆಗೆ ಹಾಕಿದರೆ ಪಾಪ ಕಳೆಯುತ್ತದೆ ಎಂದು ತೀರ್ಪಾಯಿತು. ಡಬ್ಬಿ ಕಿತ್ತುಕೊಂಡರು, ವಳ್ಳಿಯ ಮನೆಗೆ ವೀಳ್ಯ ನಿಲ್ಲಿಸಿದರು. ಕಲ್ಲು ಸೆರಗಿನಲ್ಲಿ ಇದ್ದದ್ದು ಆ ಬುದ್ಧಿವಂತರಿಗೆ ಗೊತ್ತಾಗಲಿಲ್ಲ.

ಕದ್ದ ಮಾಲು ಮಹಾರಾಜನ ಬಹುಮಾನವಾಗಲು ಎಷ್ಟು ಕಾಲ ಹಿಡಿಯುತ್ತದೆ? ಹತ್ತು ಹದಿನೈದು ವರ್ಷ ಸಾಕಾಯಿತು. ನೋಡಿದವರು ಒಬ್ಬೊಬ್ಬರೇ ಸತ್ತರು, ಉಳಿದವರಿಗೆ ಮರೆಯುವುದು ಲಾಭದ್ದಾಗಿತ್ತು. ಮೊದಮೊದಲು ಪೆಟ್ಟಿಗೆ ತೆರೆದಾಗ ಡಬ್ಬಿಯಲ್ಲಿ ಉಳಿದ ನಶ್ಯದ ಘಾಟಿಗೆ ಯಾರಾದರೂ ಸೀನುವರು. ಅದಕ್ಕೂ ಪೊನ್ನುಸಾಮಿಯ ಅಪ್ಪ ಅರ್ಥ ಹಚ್ಚಿದ: ಅಮ್ಮ ಮೈಮೇಲೆ ಬರುವ ಮುನ್ಸೂಚನೆ. ಘಾಟು ಹೋಗಿ ಎಷ್ಟೋ ಕಾಲವಾಯಿತು. ಆದರೂ ಪೆಟ್ಟಿಗೆ ಮುಂದೆ ಯಾರಿಗೆ ನೆಗಡಿಯಾಗಿ ಸೀನು ಬಂದರೂ ಜನ ಇವತ್ತಿಗೂ ಕೈ ಮುಗಿಯುತ್ತಾರೆ.

ವಳ್ಳಿ ಸೊಸೆಗೆ ನಶ್ಯ ಹಾಕುವುದನ್ನು ಕಲಿಸಿದಳು, ಬೈಯುವುದನ್ನೂ ಕಲಿಸಿದಳು. ಸಾಯುವ ಮುಂಚೆ ಆ ಕಲ್ಲನ್ನು ಸೊಸೆಯ ಅಂಗೈಗೆ ಹಾಕಿದಳು. ಹುಣಸೆಬೀಜದಷ್ಟು, ಹಸಿರು ಮೈ, ಕುಂಕುಮ ಚಿಮುಕಿಸಿದಂತೆ ಕೆಂಪು ಚುಕ್ಕೆ.

"ಅಮ್ಮನ ಮುಂದೆ ನಿಲ್ಸಿ ನನ್ನ ಕಳ್ಳಿ ಅಂದ್ರು ಕಣ್ಣಾ. ಅದೇ ಅಮ್ಮನ ಮುಂದೆ, ಅದೇ ಮನೆಯೋರ ಬಾಯಲ್ಲಿ, ಕದೀಲಿಲ್ಲ ಅಂತ ಒಂದು ಮಾತು ಬರಲಿ. ಅಷ್ಟೇ ಸಾಕು ನನಗೆ."

ಅದಾಗಿ ಮೂವತ್ತಮೂರು ವರ್ಷ. ಕಲ್ಲು ಕಣ್ಣಮ್ಮಾಳ್‌ನ ನಶ್ಯದ ಡಬ್ಬಿಯ ತಳದಲ್ಲೇ ಇದೆ. ಊರಿಗೆಲ್ಲ ಮುಖಕ್ಕೆ ಹೊಡೆದಂತೆ ಮಾತಾಡುವ ಈ ಹೆಂಗಸು ಇದೊಂದು ಮಾತಿಗೆ ಮಾತ್ರ ಹೆದರಿದಳು. ಕಲ್ಲು ತೋರಿಸಿದರೆ, ನೋಡಿದಿರಾ, ಕದ್ದದ್ದಕ್ಕೆ ಸಾಕ್ಷಿ ಸಿಕ್ಕಿತು ಎಂದಾರು. ಮಗನ ಅಂಗಡಿಗೆ ಯಾರೂ ಬರದೆ ಹೋದಾರು. ಮುಂದಿನ ಶಿವರಾತ್ರಿಗೆ, ಅದರ ಮುಂದಿನದಕ್ಕೆ ಎಂದು ತಳ್ಳುತ್ತ ಬಂದಳು. ಊರಿನವರನ್ನು ಬೈದದ್ದಕ್ಕಿಂತ ಜಾಸ್ತಿ ತನ್ನನ್ನೇ ಬೈದುಕೊಂಡಳು.

ಈ ವರ್ಷ ತಳ್ಳಲು ಜಾಗವೇ ಉಳಿಯಲಿಲ್ಲ. ಪೊನ್ನುಸಾಮಿಯ ಕಿರಿಮಗ ಪೆರಿಯಸಾಮಿ ಅಣ್ಣನಿಂದ ಬೇರೆಯಾಗಿದ್ದ. ಬೆನ್ನ ಹಿಂದೆ ನಿಲ್ಲುವುದು ಅವನಿಗೆ ಅವಮಾನ, ಅವನ ಹೆಂಡತಿಗೆ ಇನ್ನೂ ದೊಡ್ಡ ಅವಮಾನ. ಯಜಮಾನ ಉಪಾಯ ಕಂಡುಹಿಡಿದ: ಹತ್ತೊಂಬತ್ತರ ಗುಳಿಗೆ ಹೊಸ ಕಲ್ಲು ಕೂರಿಸಿ ಅದನ್ನು ಪೆರಿಯಸಾಮಿ ಮನೆಗೆ ಕೊಡುವುದು. ಆ ಕೆಲಸಕ್ಕೆ ತಂಗಿಯ ಮಗ ಪ್ರೇಮ್‌ಕುಮಾರ್‌ನನ್ನು ಕರೆಸಿದ. ದಿಂಡಿಗಲ್‌ನಲ್ಲಿ ಒಡವೆ ಅಂಗಡಿ ಇಟ್ಟವನು, ಬಾಲಮುರುಗನ್‌ನ ಶಾಲೆಯ ಗೆಳೆಯ. ಅಳತೆಗೆಂದು ಹೋದ ಶಿವರಾತ್ರಿಯಲ್ಲಿ ತೆಗೆದಿದ್ದ ಡಬ್ಬಿಯ ಫೋಟೋ ಇಸಿದುಕೊಂಡವನು, ಕಾಫಿ ಕುಡಿಯಲು ಗುಳಿ ಮನೆಗೆ ಬಂದ. ಬಾಯಿ ಸುಮ್ಮನಿರುವ ಆಸಾಮಿಯಲ್ಲ.

"ದೊಡ್ಡಮ್ಮಾ, ಇದು ಜರ್ಮನಿ ಕಡೆಯ ಮಾಲು. ನಿಮ್ಮ ಸೊಂಟದಲ್ಲಿದೆಯಲ್ಲ, ಅದರ ಅಣ್ಣ. ನಶ್ಯದ ಪೊಡಿ ಡಬ್ಬಿ!" ಎಂದು ಫೋನು ತೋರಿಸಿದ. "ಒಂದೊಂದು ಕಲ್ಲೂ ಒಂದೊಂದು ಬೆಟ್ಟದ್ದು. ಯಾವ ನಂಬರು ಯಾವ ಬೆಟ್ಟ ಅಂತ ಜೊತೆಗೆ ಒಂದು ಚಿಕ್ಕ ಪುಸ್ತಕ ಕೊಡ್ತಿದ್ರು. ಅದಕ್ಕೇ ಅಂಕಿ."

"ನಿಮ್ಮ ಮಾಮನಿಗೆ ಹೇಳಿದ್ಯಾ?"

"ಹೇಳ್ದೆ ದೊಡ್ಡಮ್ಮಾ. ಬಾಯಿ ಮುಚ್ಕೊಂಡು ಕಲ್ಲು ಕೂರಿಸು ಡಾ ಅಂದ್ರು."

ಕಣ್ಣಮ್ಮಾಳ್ ಫೋನಿನಲ್ಲಿ ಆ ಗುಳಿಯನ್ನು ನೋಡಿದಳು. ಅದು ಮುಚ್ಚಿಹೋದರೆ ವಳ್ಳಿಯ ಮಾತೂ ಅಲ್ಲಿಗೇ ಮುಚ್ಚಿತು. ಅಂದು ಅವಳಿಗೆ ಊಟ ಸೇರಲಿಲ್ಲ.

ಮಗನಿಗೆ ಹೇಳಿದಾಗ ಅವನು ಕೈ ಮುಗಿದ. "ಅವ್ವಾ, ಬೇಡ ಅವ್ವಾ. ಸತ್ತೋರ ಮಾತು. ಜಗಳ ಮಾಡ್ಕೊಂಡು ಏನ್ ಬರುತ್ತೆ?"

"ಬರೋದಕ್ಕೇನಿಲ್ಲ. ಹೋಗಿರೋದು ಬರಬೇಕು," ಎಂದಳು.

ಶಿವರಾತ್ರಿಯ ಮಾರನೆಯ ಬೆಳಿಗ್ಗೆ, ತಗಡು ಹೊದಿಸಿದ ಗುಡಿಯಲ್ಲಿ, ಪೆಟ್ಟಿಗೆ ತೆರೆಯಿತು. ಗಂಡಸರು ಕಲ್ಲಿನ ಸಾಲಿನಲ್ಲಿ ನಿಂತಿದ್ದರು, ಒಬ್ಬನ ಕಾಲು ಇನ್ನೊಬ್ಬನಿಗಿಂತ ಅಂಗುಲ ಮುಂದೆ ಹೋಗದಂತೆ ಕಾಯುತ್ತ. ಹೆಂಗಸರು ಹಗ್ಗದಾಚೆ. ಪ್ರೇಮ್‌ಕುಮಾರ್ ಡಬ್ಬಿಯ ಮುಂದೆ ಕೂತು, ತಂದಿದ್ದ ಕೆಂಪು ಕಲ್ಲನ್ನು ಗುಳಿಗೆ ಒತ್ತುತ್ತಿದ್ದ. ಕೂರಲಿಲ್ಲ. ತಿರುಗಿಸಿ ಒತ್ತಿದ. ಆಗಲೂ ಕೂರಲಿಲ್ಲ. ಪೆರಿಯಸಾಮಿ ಹೊಸ ಪಂಚೆಯಲ್ಲಿ ಬೆವರುತ್ತಿದ್ದ.

"ಆಗಲ್ಲ ಬಿಡೋ. ಅದು ಆ ಜಾಗದ ಕಲ್ಲಲ್ಲ," ಎಂದು ಕಣ್ಣಮ್ಮಾಳ್ ಹಗ್ಗದಡಿ ನುಸುಳಿ ಬಂದಳು.

ಗಂಡಸರು ಹೋ ಎಂದು ಕೂಗಿದರು. ಪೂಜಾರಿ ಕರುಪ್ಪಯ್ಯ ಕೈ ಎತ್ತಿದ. "ಅಮ್ಮನ ಮುಂದೆ ಮಾತಾಡೋಕೆ ಬಂದೋರ್ನ ತಡೀಬಾರ್ದು. ಬಾ ತಾಯಿ."

ಅವಳು ನಶ್ಯದ ಡಬ್ಬಿ ಬಿಚ್ಚಿ, ಕಲ್ಲು ತೆಗೆದು, ಸೆರಗಿನಲ್ಲಿ ಒರೆಸಿ ಗುಳಿಗೆ ಇಟ್ಟಳು. ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿದಳು. ಟಕ್ಕೆಂದು ಕೂತಿತು. ಸುತ್ತಲ ಬಂಗಾರದ ಗೆರೆ ಕೂದಲೆಳೆಯಷ್ಟೂ ಬಿಡದೆ ಅದನ್ನು ಹಿಡಿದುಕೊಂಡಿತು.

ಪೊನ್ನುಸಾಮಿಯ ಮುಖ ಒಂದು ಕ್ಷಣ ಬಿಳುಪೇರಿ, ಆಮೇಲೆ ಗೆಲುವಾಯಿತು. "ಸಿಕ್ತಲ್ಲಾ! ನಮ್ಮಪ್ಪ ಹೇಳಿದ್ದು ಸುಳ್ಳಾ? ಅಮ್ಮನ ಕಲ್ಲು ನಿಮ್ಮತ್ತೆ ಕದೀದೆ ನಿನ್ನ ಹತ್ರ ಹೆಂಗೆ ಬಂತು?"

"ಹೊಳೆ ದಾಟುವಾಗ ನೀರಿಗೆ ಬಿತ್ತು ಅಂತ ವರ್ಷಾ ವರ್ಷಾ ಹೇಳೋರು ನೀವೇ ತಾನೆ ಅಣ್ಣಾ? ಐನೂರು ವರ್ಷದ ಹಿಂದೆ ನೀರಿಗೆ ಬಿದ್ದ ಕಲ್ಲು ನಮ್ಮತ್ತೆ ಸೆರಗಿಗೆ ಈಜ್ಕೊಂಡು ಬಂತಾ?"

ಹಗ್ಗದಾಚೆ ಯಾರೋ ಕಿಸಕ್ಕೆಂದರು. ಗಂಡಸರ ಸಾಲಿನಲ್ಲಿ ವಕೀಲ ಕೆಮ್ಮಿದ.

"ಡಬ್ಬಿ ಅವಳದು. ಕಲ್ಲು ಅವಳದು. ಬಂಗಲೆ ದೊರೆಸಾನಿ ಕೈಯಾರೆ ಕೊಟ್ಟದ್ದು. ನಿಮ್ಮಪ್ಪ ಇಲ್ಲೇ ನಿಂತು ಅವಳನ್ನ ಕಳ್ಳಿ ಅಂದ್ರು. ನೀವು ಇಲ್ಲೇ ನಿಂತು ವಳ್ಳಿ ಕದೀಲಿಲ್ಲ ಅನ್ನಿ. ಕಲ್ಲು ಅಲ್ಲೇ ಇರಲಿ, ಡಬ್ಬೀನೂ ಅಮ್ಮನಿಗೇ ಇರಲಿ. ನನಗೆ ಬೇರೆ ಏನೂ ಬೇಡ."

ಪೊನ್ನುಸಾಮಿ ಡಬ್ಬಿ ನೋಡಿದ, ಸಾಲು ನೋಡಿದ. ಆ ಮಾತು ಆಡಿದರೆ ಒಂದನೇ ಕಲ್ಲೂ ಇಲ್ಲ, ಎಂಟನೇ ಕಲ್ಲೂ ಇಲ್ಲ. ಇಷ್ಟು ವರ್ಷ ಮೀಸೆ ತಿರುವಿದ್ದು ಒಬ್ಬ ಮುದಿ ದೊರೆಯ ನಶ್ಯದ ಡಬ್ಬಿ ಇಟ್ಟುಕೊಂಡು ಎಂದಾಗುತ್ತದೆ. ಆದರೆ ಅವನು ಯಜಮಾನಿಕೆ ಮಾಡಿ ಪಳಗಿದವನು. ತಟ್ಟೆಯಿಂದ ವೀಳ್ಯ ಎತ್ತಿ ಅವಳನ್ನು ದಾಟಿ ನಡೆದ. "ಕಲ್ಲು ಬಂತು, ಸಂತೋಷ. ಹಳೇದೆಲ್ಲ ಯಾಕೆ? ಬಾ ಡಾ ಬಾಲಮುರುಗಾ. ಇವತ್ತಿಂದ ನಿಮ್ಮದು ಹತ್ತೊಂಬತ್ತನೇ ಕಲ್ಲು ಮನೆ."

ಕಣ್ಣಮ್ಮಾಳ್ ಮಗನ ಕಡೆ ತಿರುಗಿದಳು. ಬೇಡ ಅನ್ನು, ನನ್ನ ಹೊಟ್ಟೆಯಲ್ಲಿ ಹುಟ್ಟಿದವನಾದರೆ ಬೇಡ ಅನ್ನು ಎಂದು ಅವಳ ಕಣ್ಣು ಬೇಡಿತು. ಬಾಲಮುರುಗನ್ ಅವಳನ್ನು ನೋಡಲಿಲ್ಲ. ಟವೆಲು ಸೊಂಟಕ್ಕೆ ಕಟ್ಟಿ, ಬಗ್ಗಿ, ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಐವತ್ತು ವರ್ಷ ಗುಳಿ ಮನೆಯವನಾಗಿ ಬದುಕಿದವನು, ಪಾಪ, ಅಲ್ಲಿಯವರೆಗೆ ಅವಳಿಗೆ ಕರುಳು ಚುರ್ ಎಂದದ್ದು ನಿಜ. ಆದರೆ ಅವನು ಸೀದಾ ಹೋಗಿ ಹದಿನೆಂಟರ ಪಕ್ಕ ನಿಂತ. ಅಲ್ಲಿ ನಿಂತಿದ್ದ ಇಪ್ಪತ್ತನೇ ಕಲ್ಲಿನ ಮುದುಕನಿಗೆ ಮೊಣಕೈ ತಾಗಿಸಿದ.

"ಸ್ವಲ್ಪ ಹಿಂದೆ ಹೋಗಿ ಮಾಮಾ. ಇದು ನಮ್ಮ ಜಾಗ."

ಸಾಕಾಯಿತು ಅವಳಿಗೆ. ವೀಳ್ಯ ಕೈಗೆ ಬಂದು ಅರ್ಧ ನಿಮಿಷವಾಗಿಲ್ಲ, ಅಷ್ಟರಲ್ಲೇ ಇವನೂ ಹೊಟ್ಟೆ ಉಬ್ಬಿಸಿದ ಕಾಯಿ! ಬಗ್ಗಿ, ಉಗುರಿನ ತುದಿಯನ್ನು ಕಲ್ಲಿನ ಅಂಚಿಗೆ ಕೊಟ್ಟು ಮೀಟಿದಳು. ನಲವತ್ತು ವರ್ಷ ಪಳಗಿದ ಬೆರಳು, ಒಂದೇ ಮೀಟಿಗೆ ಕಲ್ಲು ಅಂಗೈಗೆ ಬಂತು.

"ಅವ್ವಾ!" ಎಂದು ಬಾಲಮುರುಗನ್ ಕಿರುಚಿದ.

"ಕೂಗು. ಕಲ್ಲು ನಿಮ್ಮಜ್ಜೀದು, ಅವಳು ಕೇಳಿದ ಮಾತು ಬರದೆ ನಿನಗೆ ಜಾಗ ಬೇಕಾ? ಥೂ!" ಎಂದು ಹಗ್ಗದ ಕಡೆ ನಡೆದಳು.

ಗಂಡಸರ ಸಾಲಿಗೆ ಸಾಲೇ ಅವಳ ಕಡೆ ತಿರುಗಿತು. ಪೆರಿಯಸಾಮಿಯ ಆರು ವರ್ಷದ ಮಗಳು ಯುವಶ್ರೀ ಮಾತ್ರ ತಾತನ ಪಂಚೆ ಹಿಡಿದು ಡಬ್ಬಿಯ ಗುಳಿಯನ್ನು ಇಣುಕಿ ನೋಡುತ್ತಿದ್ದಳು.

"ತಾತಾ, ಇಲ್ಲಿ ಯಾಕೆ ಕಲ್ಲಿಲ್ಲ?"

"ಅದು ಹೊಳೆ ದಾಟುವಾಗ..." ಎಂದು ಶುರು ಮಾಡಿದ ಪೊನ್ನುಸಾಮಿ, ರೂಢಿಯಿಂದ.

"ಇಲ್ಲ ತಾತಾ, ಆ ಅಜ್ಜಿ ಕೈಯಲ್ಲಿದೆ. ಈಗ ತಗೊಂಡ್ರು, ನಾನೇ ನೋಡ್ದೆ. ಅದು ಯಾರದು?"

ನಲವತ್ತೇಳು ಮನೆಯವರ ಕಣ್ಣು ಅವನ ಬಾಯಿಯ ಮೇಲೆ. ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ತೆರೆದ ಕೂಡ. ಆದರೆ ಕೇಳಿದ್ದು ಮೊಮ್ಮಗಳು, ಎದುರಿಗೆ ಅಮ್ಮನ ತೆರೆದ ಪೆಟ್ಟಿಗೆ, ಅದರಲ್ಲಿ ಎಲ್ಲರೂ ಕಂಡ ಗುಳಿ.

"ವಳ್ಳೀದಮ್ಮಾ."

"ಅವ್ರು ಕದ್ದದ್ದಾ?"

ಪೊನ್ನುಸಾಮಿ ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ. ಮೀಸೆಯೂ ಬೆವರಿಗೆ ಒದ್ದೆಯಾಗಿ ಜೋತುಬಿತ್ತು.

"ಇಲ್ಲ. ಕದೀಲಿಲ್ಲ. ಅವಳದೇ."

ಮಗುವಿಗೆ ಹೇಳಿದ್ದು, ಪಿಸುಗುಟ್ಟಿದಂತೆ ಹೇಳಿದ್ದು. ಆದರೆ ಹೇಳಿದ್ದು ಅಮ್ಮನ ಮುಂದೆ, ಅದೇ ಮನೆಯ ಬಾಯಲ್ಲಿ. ಹಗ್ಗ ಹಿಡಿದು ನಿಂತಿದ್ದ ಕಣ್ಣಮ್ಮಾಳ್‌ಗೆ ಕೇಳಿಸಿತು. ಅವಳು ಹಿಂದಿರುಗಿ ಬಂದಳು. ಮಗನನ್ನೂ ನೋಡಲಿಲ್ಲ, ಯಜಮಾನನನ್ನೂ ನೋಡಲಿಲ್ಲ. ಕಲ್ಲನ್ನು ಗುಳಿಯಲ್ಲಿಟ್ಟು, ದೊರೆ ತಿಕ್ಕುತ್ತಿದ್ದ ಹಾಗೆ ಹೆಬ್ಬೆರಳಿನಲ್ಲಿ ಒಂದು ಸಲ ತಿಕ್ಕಿದಳು.

"ಕೇಳ್ತಾ ಅತ್ತೆ?" ಎಂದಳು.

ಅಳು ಒತ್ತಿಕೊಂಡು ಬಂತು. ಇವರ ಮುಂದೆ ಅಳುವುದೇ? ಸರಕ್ಕನೆ ಸೊಂಟದ ಡಬ್ಬಿ ತೆಗೆದು, ಎಂದಿಗಿಂತ ದೊಡ್ಡ ಚಿಟಿಕೆ ಮೂಗಿಗೇರಿಸಿದಳು. ಒದ್ದೆ ಮೂಗಿಗೆ ಅದು ತಡೆಯಲಿಲ್ಲ. ನಶ್ಯ ಹಾಕಿದ ನಲವತ್ತು ವರ್ಷದಲ್ಲಿ ಒಮ್ಮೆಯೂ ಸೀನದಿದ್ದ ಕಣ್ಣಮ್ಮಾಳ್, ಗುಡಿಯ ತಗಡು ಅದುರುವಂತೆ ಸೀನಿದಳು.

ನಲವತ್ತೇಳು ಮನೆಯವರೂ, ಪೊನ್ನುಸಾಮಿ ಸಮೇತ, ಅವಳಿಗೆ ಕೈ ಮುಗಿದರು.